ಕಳೆದುಹೋಗಿದೆ ಎಂದು ಬರೆದುಕೊಟ್ಟ ಆಷಾಢ

ಮೊನ್ನೆ ಅಂಗಡಿಯ ಹಿಂದಿನ ಖಾಲಿ ಸೈಟಿನಲ್ಲಿ ಯಾರೋ ಕಸಕ್ಕೆ ಬೆಂಕಿ ಹಾಕಿದ್ದರು. ಅದರಲ್ಲಿ ಹಳೆಯ ರೆಕ್ಸಿನ್ ಚೀಲವೊಂದು ಇದ್ದಿರಬೇಕು. ಗಾಳಿ ಇತ್ತ ತಿರುಗಿದ್ದೇ ತಡ, ಆ ವಾಸನೆ ಒಳಗೆ ನುಗ್ಗಿತು. ಗಿರಾಕಿಯೊಬ್ಬರ ಆಧಾರ್ ಕಾರ್ಡನ್ನು ಜೆರಾಕ್ಸ್ ಮೆಷಿನ್ನಿನ ಗಾಜಿನ ಮೇಲೆ ಇಟ್ಟವನು ಹಾಗೇ ನಿಂತುಬಿಟ್ಟೆ. "ಯಾಕ್ರಿ, ಕರೆಂಟ್ ಹೋಯ್ತಾ?" ಎಂದು ಅವರು ಕೇಳಿದರು. ಕರೆಂಟ್ ಇತ್ತು. ನನಗೇ ಕೈ ಆಡಲಿಲ್ಲ.

ನನ್ನ ಹೆಸರು ಅನ್ವರ್. ಚಿತ್ರದುರ್ಗದ ಸರ್ಕಾರಿ ಕಚೇರಿಗಳ ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಜಾತಿ ಪ್ರಮಾಣ ಪತ್ರ, ಪಿಂಚಣಿ, ಪಾಸ್‌ಪೋರ್ಟು, ಪೊಲೀಸ್ ದೂರು, ಏನೇ ಇರಲಿ, ಜನ ಬಾಯಲ್ಲಿ ಹೇಳಿದ್ದನ್ನು ಕಾಗದದ ಭಾಷೆಗೆ ತಿರುಗಿಸಿ ಕೊಡುವುದು ನನ್ನ ಕಸುಬು. ಕೋಟೆಯ ಬುಡದ ಓಣಿಯಲ್ಲಿ ನಮ್ಮ ಮನೆತನ ಏಳೆಂಟು ತಲೆಮಾರಿನಿಂದ ಇದೆ. ಮೊದಲು ಕುದುರೆಗೆ ಲಾಳ ಹೊಡೆಯುತ್ತಿದ್ದವರು, ಆಮೇಲೆ ಗಾಡಿಚಕ್ರಕ್ಕೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದವರು. ಕೈಯಲ್ಲಿ ಸುತ್ತಿಗೆ ಹಿಡಿಯದೆ ಅನ್ನ ಉಂಡವರಲ್ಲಿ ನಾನೇ ಮೊದಲನೆಯವನು ಎಂದು ಅಬ್ಬಾ ಹೆಮ್ಮೆಯಿಂದ ಹೇಳುತ್ತಿದ್ದರು.

ಆ ವರ್ಷದ ಆಷಾಢದಲ್ಲಿ ಮಳೆ ಬರಲಿಲ್ಲ, ಬರೀ ಗಾಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲೂ ರಾತ್ರಿ ಒಂದೇ ಸಮನೆ ತಿರುಗುತ್ತಿದ್ದವು. ಕಣ್ಣಿಗೆ ಮಣ್ಣು, ಬಾಯಿಗೆ ಮಣ್ಣು. ಅಂಗಡಿಯಲ್ಲಿ ಪ್ರತಿ ಕಾಗದದ ಮೇಲೂ ಒಂದೊಂದು ಕಲ್ಲು ಇಡಬೇಕಾಗಿತ್ತು. ಜನರ ಮಾತೂ ಗಾಳಿಯ ಹಾಗೇ ಆಗಿತ್ತು. ಎರಡು ವಾರದಿಂದ ಎಲ್ಲರ ಫೋನಿನಲ್ಲೂ ಒಂದು ಹೆಂಗಸಿನ ದನಿ ಓಡಾಡುತ್ತಿತ್ತು. ಮಕ್ಕಳ ಕಳ್ಳರು ಬಂದಿದ್ದಾರೆ, ಹಿರಿಯೂರಿನ ಕಡೆ ಆಗಲೇ ಎರಡು ಮಕ್ಕಳು ಹೋಗಿವೆ, ಹೊರಗಿನವರು ಯಾರೇ ಕಂಡರೂ ಬಿಡಬೇಡಿ ಎನ್ನುತ್ತಿತ್ತು. ಹಿರಿಯೂರಿನಲ್ಲಿ ಒಂದು ಮಗುವೂ ಹೋಗಿರಲಿಲ್ಲ. ಅದು ನಮಗೆ ಆಮೇಲೆ ಗೊತ್ತಾಯಿತು. ನನ್ನ ಮಗಳಿಗೆ ಆಗ ಏಳು ವರ್ಷ. ಆ ದನಿಯನ್ನು ನಾನೂ ನಾಲ್ಕು ಜನಕ್ಕೆ ಕಳಿಸಿದ್ದೆ.

ಹೊಸದುರ್ಗದಲ್ಲಿರುವ ತಂಗಿಯ ಮನೆಗೆ ಹೋಗಿದ್ದವನು ಮಧ್ಯಾಹ್ನ ಊಟ ಮುಗಿಸಿಕೊಂಡು ಬೈಕಿನಲ್ಲಿ ಹೊಳಲ್ಕೆರೆ ಮೇಲೆ ವಾಪಸ್ಸು ಬರುತ್ತಿದ್ದೆ. ದಾರಿಯಲ್ಲಿ ಒಂದು ಹಳ್ಳಿ. ಅದರ ಹೆಸರು ಬರೆಯಲು ಮನಸ್ಸಿಲ್ಲ. ಬಸ್ ನಿಲ್ದಾಣದ ಹತ್ತಿರ ಇನ್ನೂರು ಜನ ಸೇರಿದ್ದರು. ರಸ್ತೆ ಕಟ್ಟಿತ್ತು. ಅಪಘಾತ ಆಗಿರಬೇಕೆಂದು ಇಳಿದು, ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡು ಮುಂದೆ ಹೋದೆ.

ಲೈಟುಕಂಬಕ್ಕೆ ಟ್ರ್ಯಾಕ್ಟರಿನ ಹಗ್ಗದಿಂದ ಒಬ್ಬ ಹುಡುಗನನ್ನು ಕಟ್ಟಿದ್ದರು. ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಆಫ್ರಿಕಾದವನು. ಅಂಗಿ ಹರಿದು ಸೊಂಟದಲ್ಲಿ ನೇತಾಡುತ್ತಿತ್ತು. ಬಾಯಿಂದ ರಕ್ತ ಎದೆಗಿಳಿದಿತ್ತು. ಅವನ ಫಾರ್ಮಸಿ ಕಾಲೇಜಿನವರು ಮನೆಮನೆಗೆ ಹೋಗಿ ಜನ ಯಾವ ಮಾತ್ರೆ ಹೇಗೆ ನುಂಗುತ್ತಾರೆ ಎಂದು ಕೇಳಿ ಬರೆದುಕೊಂಡು ಬರಲು ಒಬ್ಬೊಬ್ಬರನ್ನು ಒಂದೊಂದು ಹಳ್ಳಿಗೆ ಬಿಟ್ಟುಹೋಗಿದ್ದರಂತೆ. ಇವನು ಶಾಲೆ ಬಿಟ್ಟು ಬರುತ್ತಿದ್ದ ಒಂದು ಹುಡುಗಿಯನ್ನು "ಪುಟ್ಟಿ, ಮನೇಲಿ ಅಮ್ಮ ಐತಾ?" ಎಂದು ಕೇಳಿದ್ದ. ಅಷ್ಟೇ ಆದದ್ದು. ಆ ಹುಡುಗಿ ಹೆದರಿ ಓಡಿದ್ದಳು.

ಯಾರೋ ಅವನ ಚೀಲ ಬಿಚ್ಚಿ ಕೊಡವಿದರು. ಪ್ರಶ್ನೆ ಬರೆದ ಕಾಗದಗಳು ಗಾಳಿಗೆ ಹಾರಿ ಹೊಲದ ತುಂಬ ಹರಡಿದವು. ಹಿಂದೆಯೇ, ತೋರಿಸಿ ಕೇಳಲು ತಂದಿದ್ದ ಮಾತ್ರೆಯ ಪಟ್ಟಿಗಳು ಬಿದ್ದವು.

"ಮಂಪರು ಮಾತ್ರೆ ಕಣ್ರಲೇ! ಮಕ್ಕಳಿಗೆ ಹಾಕೋದು!"

"ನಾನು ದುರ್ಗದಾಗೆ ಓದ್ತೀನಿ ಅಣ್ಣ," ಹುಡುಗ ಕೂಗಿದ. "ಚೀಲದಾಗೆ ಬುಕ್ ಐತೆ. ನಂದು ಪಾಸ್‌ಪೋರ್ಟ್ ಐತೆ. ನೋಡ್ರಿ ಅಣ್ಣ, ತೆಗೆದು ನೋಡ್ರಿ."

ಎತ್ತಿದ ಕೈಗಳು ಒಂದು ಕ್ಷಣ ನಿಂತವು. ಅಷ್ಟರಲ್ಲಿ ಒಬ್ಬ ಹೇಳಿದ: "ನೋಡ್ರಲೇ, ಕನ್ನಡ ಬೇರೆ ಕಲ್ತು ಬಂದವ್ನೆ!" ಮತ್ತೆ ಬಿದ್ದವು ಏಟುಗಳು. ಮೊದಲಿಗಿಂತ ಜೋರಾಗಿ ಬಿದ್ದವು. ಅವನು ನಮ್ಮ ಭಾಷೆಯಲ್ಲಿ ಬೇಡಿಕೊಂಡದ್ದೇ ಅವನಿಗೆ ಮುಳುವಾಯಿತು. ಸೌದೆ, ಚಪ್ಪಲಿ, ಬೆಲ್ಟು, ಯಾರ ಕೈಗೆ ಏನು ಸಿಕ್ಕಿತೋ ಅದು. ಒಬ್ಬ ಮುದುಕ ಊರುಗೋಲಿನಿಂದ ಅವನ ಮೊಣಕಾಲಿಗೆ ಕುಟ್ಟುತ್ತಿದ್ದ.

ನಾನು ನಿಂತು ನೋಡುತ್ತಿದ್ದೆ. ಆಗ ಕೆಂಪು ಟವೆಲಿನ ಒಬ್ಬ ಗಟ್ಟಿ ಆಳು ನನ್ನ ಕಡೆ ತಿರುಗಿದ. ನನ್ನ ಗಡ್ಡ ನೋಡಿದ, ಹೆಗಲಿನ ಚೀಲ ನೋಡಿದ.

"ನೀನ್ಯಾರಯ್ಯ? ಇವನ ಜತೆಗಾರನಾ?"

"ಇಲ್ಲಪ್ಪ, ಇಲ್ಲ. ನಾನು ದುರ್ಗದೋನು. ತಂಗಿ ಮನೆಗೆ ಹೋಗಿದ್ದೆ."

"ಮತ್ತೆ ಸುಮ್ನೆ ಯಾಕ್ ನಿಂತಿದೀಯ? ಹಾಕು ಒಂದು."

ಇನ್ನೂ ಮೂರು ನಾಲ್ಕು ಮುಖಗಳು ನನ್ನ ಕಡೆ ತಿರುಗಿದವು. ನಾನು ಹೆಲ್ಮೆಟ್ ಎತ್ತಿ ಆ ಹುಡುಗನ ಮುಖಕ್ಕೆ ಹೊಡೆದೆ. ಎಡಗಣ್ಣಿನ ಕೆಳಗೆ, ಕೆನ್ನೆಯ ಮೂಳೆಯ ಮೇಲೆ. ಅದರ ಸದ್ದು ನನ್ನ ಮೊಣಕೈಯವರೆಗೂ ಬಂತು.

ಭಯದಿಂದ ಹೊಡೆದೆ ಎಂದು ಇಷ್ಟು ದಿನವೂ ಹೇಳಿಕೊಂಡು ಬಂದಿದ್ದೇನೆ. ಅದು ಸುಳ್ಳಲ್ಲ. ಆದರೆ ನಾನು ಇನ್ನೊಂದು ಸಲವೂ ಹೊಡೆದೆ. ಅಷ್ಟೊತ್ತಿಗೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಕೆಂಪು ಟವೆಲಿನವನು ಆಚೆ ಹೋಗಿದ್ದ. ಆ ಎರಡನೆಯ ಏಟಿಗೆ ನನ್ನ ಹತ್ತಿರ ಕಾರಣವಿಲ್ಲ. ಹೊಡೆಯುವಾಗ ಮೈಯಲ್ಲಿ ಒಂದು ಹಗುರ ಇತ್ತು. ಅದು ಹಿತವಾಗಿತ್ತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ಯಾರೋ ಬೈಕಿನಿಂದ ಪೆಟ್ರೋಲು ಬಿಟ್ಟು ಚೀಲದ ಮೇಲೆ ಸುರಿದು ಕಡ್ಡಿ ಗೀರಿದರು. ರೆಕ್ಸಿನ್ ಗುಳ್ಳೆ ಎದ್ದು ಉರಿಯಿತು. ಒಳಜೇಬಿನಲ್ಲಿ ಉಳಿದಿದ್ದ ಪಾಸ್‌ಪೋರ್ಟಿನ ರಟ್ಟು ಬಿಸಿಗೆ ತಾನೇ ತೆರೆದುಕೊಂಡು, ಪುಟಗಳು ಒಂದರ ಹಿಂದೊಂದು ಮಡಚಿ ಕಪ್ಪಾದವು. ಹುಡುಗ ಹೊಡೆತಕ್ಕೆ ಅಷ್ಟು ಕೂಗಿರಲಿಲ್ಲ. ಅದನ್ನು ನೋಡಿ ಕೂಗಿದ. ಅವನದೇ ಭಾಷೆಯಲ್ಲಿ ಕೂಗಿದ.

ಪೊಲೀಸ್ ಜೀಪು ಧೂಳೆಬ್ಬಿಸಿಕೊಂಡು ಬಂದಾಗ ಎಲ್ಲರೂ ದಿಕ್ಕಾಪಾಲಾದರು. ನಾನೂ ಓಡಿಹೋಗಿ ಬೈಕು ಹತ್ತಿದೆ. ಹೊಳಲ್ಕೆರೆ ದಾಟುವವರೆಗೂ ಹೆಲ್ಮೆಟ್ ಹಾಕಿಕೊಳ್ಳಲಿಲ್ಲ. ಅದರೊಳಗೆ ತಲೆ ಇಡಲು ಆಗಲಿಲ್ಲ.

ಮನೆಯಲ್ಲಿ ಹಿತ್ತಲ ನಲ್ಲಿಯ ಕೆಳಗೆ ಅದನ್ನು ತೊಳೆಯುತ್ತಿದ್ದಾಗ ನನ್ನ ಹೆಂಡತಿ ಶಾಹೀನ್ ಬಂದಳು. ಹೆಲ್ಮೆಟ್ಟಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಬಿರುಕು ಬಿಟ್ಟಿತ್ತು. "ಬಿದ್ರಾ?" ಎಂದಳು. ಬಿದ್ದೆ ಎಂದೆ. ನನ್ನ ಮೈಮೇಲೆ ಒಂದು ಗೀರೂ ಇರಲಿಲ್ಲ. ಅವಳು ನನ್ನ ಮೊಣಕಾಲು ನೋಡಿದಳು, ಅಂಗೈ ನೋಡಿದಳು, ಆಮೇಲೆ ಏನೂ ಕೇಳಲಿಲ್ಲ. ಎರಡು ದಿನದ ಮೇಲೆ ಅವಳ ಫೋನಿಗೆ ಆ ವಿಡಿಯೋ ಬಂತು. ಜನರ ಬೆನ್ನುಗಳೇ ಹೆಚ್ಚು. ನನ್ನ ಮುಖ ಅದರಲ್ಲಿ ಇರಲಿಲ್ಲ, ತೋಳು ಇತ್ತು. ಆ ಅಂಗಿಯನ್ನು ಅವಳೇ ಹಬ್ಬಕ್ಕೆ ಹೊಲಿಸಿಕೊಟ್ಟಿದ್ದಳು. ಫೋನನ್ನು ನನ್ನ ಮುಂದೆ ಇಟ್ಟು, "ಆ ಹುಡುಗನಿಗೂ ಒಬ್ಬ ತಾಯಿ ಇರ್ತಾಳಲ್ವಾ?" ಎಂದಷ್ಟೇ ಹೇಳಿ ಒಳಗೆ ಹೋದಳು.

ಎಂಟನೆಯ ದಿನ ಅವನು ನನ್ನ ಅಂಗಡಿಗೆ ಬಂದ.

ಜೊತೆಯಲ್ಲಿ ಅರವತ್ತು ದಾಟಿದ ಒಬ್ಬ ಹೆಂಗಸು. ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದು ರಿಟೈರಾದ ತಿಪ್ಪಮ್ಮ. ಅವರ ಮನೆಯ ಮಹಡಿಯ ಕೋಣೆಯಲ್ಲಿ ಅವನು ನಾಲ್ಕು ವರ್ಷದಿಂದ ಬಾಡಿಗೆಗಿದ್ದ. ಅವನ ಬಲಗೈ ಕೊರಳಿಗೆ ತೂಗುಹಾಕಿತ್ತು. ಎಡಗಣ್ಣು ಕಾಣುತ್ತಲೇ ಇರಲಿಲ್ಲ. ಅದರ ಜಾಗದಲ್ಲಿ ಬದನೆಕಾಯಿಯಂಥ ಒಂದು ಊತ.

"ಸಾಬರೇ, ಈ ಹುಡುಗಂದು ಪಾಸ್‌ಪೋರ್ಟು ಹೋಗೈತೆ," ತಿಪ್ಪಮ್ಮ ಕುರ್ಚಿ ಎಳೆದು ಅವನನ್ನು ಕೂರಿಸಿದರು. "ವೀಸಾನೂ ಅದರಾಗೇ ಇತ್ತು. ಅವತ್ತು ಬೆಳಿಗ್ಗೆ ಕಾಲೇಜಿನ ಆಫೀಸಿನಾಗೆ ತೋರಿಸಬೇಕು ಅಂತ ತಗಂಡೋಗಿದ್ದ, ಹಂಗೇ ಚೀಲದಾಗೆ ಉಳೀತು. ಎಲ್ಲಾ ಹೊಸದಾಗಿ ಮಾಡಿಸ್ಬೇಕಂತೆ. ಓದು ಮುಗೀತಾ ಬಂತು, ಇನ್ನು ಎರಡೂವರೆ ತಿಂಗಳಿಗೆ ವೀಸಾನೂ ಮುಗೀತೈತೆ. ಅಷ್ಟರೊಳಗೆ ಆಗದಿದ್ರೆ ಜೈಲಿಗೆ ಹಾಕ್ತಾರಂತೆ ಹೌದಾ?"

ಅವನು ಒಂದೇ ಕಣ್ಣಿನಿಂದ ನನ್ನನ್ನು ನೋಡಿದ. ನಾನು ಕಾಯುತ್ತಿದ್ದೆ. ಈಗ ಕೈ ತೋರಿಸುತ್ತಾನೆ, ಈಗ ಕೂಗುತ್ತಾನೆ ಎಂದು. ಅವನು, "ಅಣ್ಣ, ಫ್ಯಾನ್ ಹಾಕ್ತೀರಾ?" ಎಂದ.

ಮೊದಲು ಬೇಕಾದದ್ದು ಪೊಲೀಸರಿಗೆ ಒಂದು ದೂರು. ಅದರ ಮೇಲೆ ಠಾಣೆಯವರು ಕೊಡುವ ಸ್ವೀಕೃತಿ ಪತ್ರ ಇಲ್ಲದೆ ದೆಹಲಿಯಲ್ಲಿರುವ ಅವನ ದೇಶದ ರಾಯಭಾರ ಕಚೇರಿ ಅರ್ಜಿಯನ್ನೇ ಮುಟ್ಟುವುದಿಲ್ಲ. ಠಾಣೆಯ ಅಧಿಕಾರಿಯೊಬ್ಬರು ಆಗಲೇ ಅವನಿಗೆ ಬುದ್ಧಿ ಹೇಳಿದ್ದರು. ಹೊಡೆದರು, ಸುಟ್ಟರು ಎಂದರೆ ಕೇಸಾಗುತ್ತದೆ, ಕೇಸಾದರೆ ನೀನು ಸಾಕ್ಷಿ, ಸಾಕ್ಷಿಯನ್ನು ದೇಶ ಬಿಟ್ಟು ಯಾರು ಕಳಿಸುತ್ತಾರೆ? ಕಳೆದುಹೋಯಿತು ಎಂದು ಕೊಡು, ಸಂಜೆಗೇ ಸಹಿ ಹಾಕಿ ಕೊಡುತ್ತೇವೆ ಎಂದು.

"ಕಳೆದೋಯ್ತು ಅಂತ ಯಾಕಪ್ಪ ಬರೀತೀಯ?" ತಿಪ್ಪಮ್ಮ ಮೇಜು ಕುಟ್ಟಿದರು. "ಸುಟ್ರು ಅಂತ ಬರಿ. ನಾಯಿಗೆ ಹೊಡೆದಂಗೆ ಹೊಡೆದ್ರು ಅಂತ ಬರಿ."

ಹುಡುಗ ನನ್ನ ಕಡೆ ನೋಡಿದ. "ಅಣ್ಣ, ನಿಮಗೆ ಇದೆಲ್ಲಾ ಗೊತ್ತೈತೆ. ನೀವು ಹೇಳ್ರಿ. ಯಾವ್ದು ಬರೀಬೇಕು?"

ಆಗ ನನ್ನ ಬಾಯಿ ಎಷ್ಟು ಸಲೀಸಾಗಿ ತೆರೆಯಿತು! "ಕಳೆದುಹೋಯಿತು ಅಂತಲೇ ಬರೆಯೋಣಪ್ಪ. ನಿನಗೆ ಊರಿಗೆ ಹೋಗೋದು ಮುಖ್ಯ." ಮಾತು ಹಿರಿಯಣ್ಣನ ಹಾಗಿತ್ತು. ಒಳಗೆ ಎದೆ ತಣ್ಣಗಾಗಿತ್ತು. ಕೇಸಿಲ್ಲ ಎಂದರೆ ನಾನೂ ಇಲ್ಲ. ಬೆರಳು ನಡುಗದೆ ಟೈಪ್ ಮಾಡಿದೆ: 'ಬಸ್ಸಿನಲ್ಲಿ ಪ್ರಯಾಣಿಸುತ್ತಿರುವಾಗ ನನ್ನ ಪಾಸ್‌ಪೋರ್ಟು ನನಗೆ ಅರಿವಿಲ್ಲದಂತೆ ಎಲ್ಲಿಯೋ ಕಳೆದುಹೋಗಿರುತ್ತದೆ. ಈ ಬಗ್ಗೆ ಯಾರ ಮೇಲೂ ಅನುಮಾನ ಇರುವುದಿಲ್ಲ.' ಕೊನೆಯ ವಾಕ್ಯವನ್ನು ಯಾರೂ ಹೇಳಿರಲಿಲ್ಲ. ನಾನೇ ಸೇರಿಸಿದೆ. ಅವನು ಎಡಗೈಯಲ್ಲಿ ಸೊಟ್ಟಗೆ ಸಹಿ ಹಾಕಿದ.

ಹೆಸರು ಬರಾಕಾ. ದೇಶ ತಾಂಜಾನಿಯಾ. ಹೆಸರಿನ ಅರ್ಥ ಕೇಳಿದೆ. ಆಶೀರ್ವಾದ ಎಂದ. "ನಮ್ಮಲ್ಲಿ ಬರ್ಕತ್ ಅಂತಾರೆ," ಎಂದೆ. "ಹೌದಾ?" ಎಂದು ನಗಲು ಹೋಗಿ, ಕೆನ್ನೆ ನೋವಾಗಿ ಕೈ ಒತ್ತಿಕೊಂಡ.

ಅಲ್ಲಿಂದ ಶ್ರಾವಣ ಪೂರ್ತಿ ಅವನ ಕಾಗದಗಳದೇ ಕೆಲಸ. ಹೊಸ ಪಾಸ್‌ಪೋರ್ಟಿಗೆ ಭಾವಚಿತ್ರ ಬೇಕು. ಪಕ್ಕದ ಸ್ಟುಡಿಯೋದವರು ಅವನನ್ನು ನೋಡಿ ಕ್ಯಾಮೆರಾ ಕೆಳಗಿಟ್ಟರು. "ಎರಡೂ ಕಣ್ಣು ತೆರೆದಿರಬೇಕ್ರಿ. ಮುಖ ಊದಿರಬಾರದು. ಇದು ರಿಜೆಕ್ಟ್ ಆಗ್ತೈತೆ. ಇಳಿದ ಮೇಲೆ ಕರ್ಕಂಡು ಬರ್ರಿ."

ಹಾಗಾಗಿ ಊತ ಇಳಿಯುವುದನ್ನೇ ಎಲ್ಲರೂ ಕಾಯಬೇಕಾಯಿತು. ಕೈ ಮುರಿದವನು ಬೇರೆ ಯಾರೋ, ಮೊಣಕಾಲಿಗೆ ಕುಟ್ಟಿದವನು ಬೇರೆ ಯಾರೋ. ಅವರ ಏಟುಗಳು ಅವನ ಅರ್ಜಿಗೆ ಅಡ್ಡ ಬರಲಿಲ್ಲ. ನನ್ನದೊಂದೇ ಅಡ್ಡ ನಿಂತಿತ್ತು. ಮೂರು ದಿನಕ್ಕೊಮ್ಮೆ ತಿಪ್ಪಮ್ಮನ ಮನೆಗೆ ಹೋಗಿ ನೋಡಿ ಬರುತ್ತಿದ್ದೆ. ಶಾಹೀನ್ ಕಾಲು ಸೂಪು ಮಾಡಿ ಕಳಿಸುತ್ತಿದ್ದಳು. ಯಾರಿಗೆ ಎಂದು ನಾನು ಹೇಳಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ.

ಒಂದು ಸಂಜೆ ತಿಪ್ಪಮ್ಮ ಬಿಸಿನೀರಿನ ಬಟ್ಟೆಯಿಂದ ಅವನ ಕಣ್ಣಿನ ಸುತ್ತ ಕಾವು ಕೊಡುತ್ತಿದ್ದರು. "ಮೂವತ್ತು ವರ್ಷ ಗಾಯ ಕಂಡಿದೀನಿ ಸಾಬರೇ. ಇದು ಕೈಯೇಟಲ್ಲ, ದೊಣ್ಣೆ ಏಟೂ ಅಲ್ಲ. ಏನೋ ದುಂಡಗಿರದ್ರಲ್ಲಿ ಹೊಡೆದವ್ರೆ. ಎರಡು ಸಲ. ನೋಡ್ರಿಲ್ಲಿ, ಒಂದರ ಮೇಲೊಂದು." ನಾನು ನೋಡಿದೆ. ಬರಾಕಾ ಹೇಳಿದ, "ಮುಖ ಕಾಣಿಸ್ಲಿಲ್ಲ ಅಣ್ಣ. ಕಣ್ಣಾಗೆ ರಕ್ತ ಇತ್ತು. ಸೆಂಟಿನ ವಾಸನೆ ಬಂತು ಅಷ್ಟೇ." ಆ ದಿನದಿಂದ ನಾನು ಅತ್ತರು ಹಚ್ಚುವುದನ್ನು ಬಿಟ್ಟೆ. ಹೆಲ್ಮೆಟ್ಟನ್ನು ಅಂಗಡಿಯಿಂದ ಒಯ್ದು ಮನೆಯ ಅಟ್ಟಕ್ಕೆ ಹಾಕಿದೆ.

ದೆಹಲಿಯವರು ಹಳೆಯ ಪಾಸ್‌ಪೋರ್ಟಿನ ನಕಲು ಕೇಳಿದರು. ಅವನ ಹತ್ತಿರ ಇರಲಿಲ್ಲ. ನನಗೆ ಏನೋ ಹೊಳೆದು ಅಂಗಡಿಯ ಕಂಪ್ಯೂಟರಿನಲ್ಲಿ ಹುಡುಕಿದೆ. ಹಿಂದಿನ ವರ್ಷ ಯಾವುದೋ ಅರ್ಜಿಗೆ ಸ್ಕ್ಯಾನ್ ಮಾಡಿ ಅಳಿಸದೆ ಬಿಟ್ಟ ಕಡತಗಳ ನಡುವೆ ಅದು ಸಿಕ್ಕಿತು. ವೀಸಾ ಪುಟವೂ ಇತ್ತು. ತೆರೆದಾಗ ಪರದೆಯ ತುಂಬ ಅವನ ಮುಖ. ದುಂಡನೆಯ ಕೆನ್ನೆ, ಎರಡು ಕಣ್ಣು, ಇನ್ನೇನು ನಗುತ್ತಾನೆ ಎನ್ನುವ ಹಾಗೆ ಬಿಗಿ ಹಿಡಿದ ತುಟಿ. ಅಂದರೆ ಅವನು ನನ್ನ ಅಂಗಡಿಗೆ ಮೊದಲೇ ಬಂದಿದ್ದ. ಇದೇ ಕುರ್ಚಿಯಲ್ಲಿ ಕೂತಿದ್ದ. ಕಂಬಕ್ಕೆ ಕಟ್ಟಿದಾಗ ನನಗೆ ಗುರುತು ಸಿಗಲಿಲ್ಲ. ಸಿಕ್ಕಿದ್ದರೆ ಏನು ಮಾಡುತ್ತಿದ್ದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಕೈ ಕೆಳಗಿಳಿಸುತ್ತಿದ್ದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಶ್ರಾವಣದ ಕೊನೆಗೆ ಕಣ್ಣು ತೆರೆಯಿತು. ಬಿಳಿ ಭಾಗದಲ್ಲಿ ಇನ್ನೂ ಕೆಂಪು ಇತ್ತು. ಸ್ಟುಡಿಯೋದವರು ನಾಲ್ಕು ಸಲ ತೆಗೆದು ಒಂದನ್ನು ಒಪ್ಪಿದರು. ಬರಾಕಾ ದೆಹಲಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದ. ಭಾದ್ರಪದದಲ್ಲಿ ಹೊಸ ಪಾಸ್‌ಪೋರ್ಟು ಕೊರಿಯರಿನಲ್ಲಿ ಬಂತು. ತಿಪ್ಪಮ್ಮ ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟರು. ಇನ್ನು ಉಳಿದದ್ದು ಒಂದೇ. ಹಳೆಯ ವೀಸಾ ಸುಟ್ಟುಹೋಗಿದ್ದರಿಂದ, ದೇಶ ಬಿಡಲು ಅನುಮತಿ ಕೊಡಿ ಎಂಬ ಅರ್ಜಿ. ಅದನ್ನು ತುಂಬಲು ಇಬ್ಬರೂ ಒಂದು ಮಧ್ಯಾಹ್ನ ಅಂಗಡಿಗೆ ಬಂದರು.

ಅರ್ಧ ತುಂಬಿಸಿದ್ದೆ. ಆಗ ಹೊರಗೆ ಜೀಪು ನಿಂತು ಮೂವರು ಇಳಿದು ಬಂದರು. ಮುಂದಿದ್ದವನು ಕೆಂಪು ಟವೆಲಿನವನು.

ತಿಪ್ಪಮ್ಮ ನಮಗೆ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದರು. ಪಕ್ಕದ ಮನೆಯ ಹೆಣ್ಣುಮಗಳ ಫೋನಿನಲ್ಲಿದ್ದ ಆ ವಿಡಿಯೋ ತಗೊಂಡು ಪೊಲೀಸ್ ಇಲಾಖೆಯ ದೊಡ್ಡ ಸಾಹೇಬರೊಬ್ಬರ ಮುಂದೆ ಹೋಗಿ ಕೂತಿದ್ದರು. ಆ ಊರಿನವರಿಗೆ ಕರೆ ಹೋಗಿತ್ತು. ಕೇಸಾಗುವ ಮೊದಲೇ ರಾಜಿ ಪತ್ರ ಮಾಡಿಸಿಬಿಡೋಣ ಎಂದು ಅವರು ಬಂದಿದ್ದರು. ಆ ಸಾಹೇಬರ ಕಚೇರಿಯ ಎದುರಿಗಿನ ಮೊದಲ ಟೈಪಿಂಗ್ ಅಂಗಡಿ ನನ್ನದು.

"ಒಂದು ರಾಜಿ ಪತ್ರ ಹೊಡ್ಕೊಡ್ರಿ..." ಎನ್ನುತ್ತ ಒಳಗೆ ಬಂದವನು ಬರಾಕಾನನ್ನು ನೋಡಿ ನಿಂತ. ನಕ್ಕ. "ಏ, ಇಲ್ಲೇ ಅವ್ನಲ್ಲ! ಒಳ್ಳೇದಾಯ್ತು. ನೋಡಪ್ಪ, ಏನೋ ತಪ್ಪು ತಿಳುವಳಿಕೆ ಆಗೋಯ್ತು. ನೀನೂ ಊರಿಗೆ ಹೋಗಬೇಕು, ನಾವೂ ಬದುಕಬೇಕು. ಒಂದು ಸಹಿ ಹಾಕು."

ಬರಾಕಾ ಎದ್ದು ಗೋಡೆಗೆ ಒರಗಿದ. "ಹಾಕಲ್ಲ," ಎಂದ.

"ಹಾಕಲ್ವಾ? ನಮ್ಮ ಊರ ಮಕ್ಕಳನ್ನ ಜೈಲಿಗೆ ಕಳಿಸ್ತೀಯಾ?" ಒಬ್ಬ ಅವನ ಕೊರಳಪಟ್ಟಿ ಹಿಡಿದ. ಇನ್ನೊಬ್ಬ ಬಾಗಿಲಿಗೆ ಅಡ್ಡ ನಿಂತ. ತಿಪ್ಪಮ್ಮ ಕೊರಳಪಟ್ಟಿ ಹಿಡಿದವನ ಕೈಗೆ ಕಚ್ಚಿದರು. ಅವನು ಕೊಡವಿದ ರಭಸಕ್ಕೆ ಅವರು ಸ್ಟೂಲಿನ ಸಮೇತ ಬಿದ್ದರು.

ನಾನು ಕೌಂಟರ್ ಹಾರಿ ನಡುವೆ ನಿಂತೆ. "ಹೊರಗೆ ನಡೀರಿ! ಇದು ನನ್ನ ಅಂಗಡಿ. ಮನುಷ್ಯರಾ ನೀವು? ಇಷ್ಟು ಹೊಡೆದದ್ದು ಸಾಕಾಗಲಿಲ್ವಾ?"

ಕೆಂಪು ಟವೆಲಿನವನು ನನ್ನ ಮುಖವನ್ನೇ ನೋಡಿದ. ಒಂದು ಹೆಜ್ಜೆ ಹತ್ತಿರ ಬಂದು ಇನ್ನೊಮ್ಮೆ ನೋಡಿದ.

"ಲೇ, ನೀನು... ಅವತ್ತು ಹೆಲ್ಮೆಟ್ಟಾಗೆ ಇವನ ಮುಖ ಒಡೆದೋನು ನೀನೇ ಅಲ್ವೇನೋ?"

ಫ್ಯಾನಿನ ಗಾಳಿಗೆ ಅರ್ಜಿಯ ಹಾಳೆ ಒಂದು ಕೆಳಗೆ ಬಿತ್ತು. ಅಲ್ಲ ಎನ್ನಲು ಬಾಯಿ ತೆರೆದೆ. ಬರಾಕಾ ನನ್ನನ್ನು ನೋಡುತ್ತಿದ್ದ. ಎರಡೂ ಕಣ್ಣಿನಿಂದ ನೋಡುತ್ತಿದ್ದ. ಬಾಯಿ ಮುಚ್ಚಿಕೊಂಡೆ.

"ನೀನೇನಯ್ಯ ನಮಗೆ ನ್ಯಾಯ ಹೇಳೋದು?" ಎಂದು ಅವನು ಎಂಜಲು ಉಗಿದು, ಉಳಿದವರನ್ನು ಕರೆದುಕೊಂಡು ಹೊರಟುಹೋದ. ಅವನಿಗೆ ಇನ್ನು ಅಲ್ಲಿ ಕೆಲಸ ಇರಲಿಲ್ಲ.

ಬರಾಕಾ ನನ್ನ ಅಂಗಿಯನ್ನು ಎಡಗೈಯಲ್ಲಿ ಹಿಡಿದು ಜೆರಾಕ್ಸ್ ಮೆಷಿನ್ನಿಗೆ ಒತ್ತಿ ಹೊಡೆದ. ವಾಸಿಯಾಗುತ್ತಿದ್ದ ಬಲಗೈಯಲ್ಲೇ ಹೊಡೆದ. ಮೊದಲನೆಯದಕ್ಕೆ ನನ್ನ ತುಟಿ ಒಡೆಯಿತು, ಎರಡನೆಯದಕ್ಕೆ ಮುಂದಿನ ಹಲ್ಲು ಮುರಿಯಿತು. ಮೆಷಿನ್ನಿನ ಗಾಜು ನನ್ನ ಬೆನ್ನಿನ ಕೆಳಗೆ ಚಟ್ಟೆಂದಿತು. ಹೊಡೆಯುವಾಗ ಅವನು ಅಳುತ್ತಿದ್ದ. "ಸೂಪು ತಂದುಕೊಟ್ಟೆ! ನನ್ನ ಹೆಸರಿಗೆ ಅರ್ಥ ಕೇಳಿದೆ!" ನಾನು ಕೈ ಅಡ್ಡ ಹಿಡಿಯಲಿಲ್ಲ. ಅದನ್ನು ಒಳ್ಳೆಯತನ ಎನ್ನಲಾರೆ. ಕೈ ಏಳಲೇ ಇಲ್ಲ.

ತಿಪ್ಪಮ್ಮ ನೆಲದಿಂದ ಎದ್ದು ಅವನ ಸೊಂಟ ಹಿಡಿದು ಎಳೆದರು. "ಬಿಡೋ ಮಗ, ಬಿಡೋ. ಕೇಸು ನಿನ್ನ ಮೇಲೆ ತಿರುಗ್ತೈತೆ. ಇವನು ಸತ್ರೆ ನಿನಗೇನ್ ಸಿಗ್ತೈತೆ? ನೀನು ಊರಿಗೆ ಹೋಗ್ಬೇಕು ಕಣೋ." ಆಮೇಲೆ ನನ್ನ ಮುಂದೆ ನಿಂತು, ಕಾಲಿನ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದರು. ಹೊಡೆಯಲಿಲ್ಲ. ಮತ್ತೆ ಕಾಲಿಗೆ ಹಾಕಿಕೊಂಡರು. ಹೊಡೆದಿದ್ದರೆ ಚೆನ್ನಾಗಿತ್ತು.

ಬರಾಕಾ ಕುರ್ಚಿಯಲ್ಲಿ ಕೂತ. ಉಸಿರು ಹದಕ್ಕೆ ಬರಲು ಬಹಳ ಹೊತ್ತಾಯಿತು. "ಅರ್ಜಿ ಮುಗಿಸು," ಎಂದ. ಅಣ್ಣ ಎನ್ನಲಿಲ್ಲ. ಬಾಯಿಗೆ ಕರವಸ್ತ್ರ ಒತ್ತಿಕೊಂಡು ಮುಗಿಸಿದೆ.

"ಈಗ ಕಂಪ್ಲೇಂಟ್ ಬರಿ. ನಿಜದ್ದು. ನಿನ್ನ ಹೆಸರು ಮೊದ್ಲು ಬರಿ."

"ಇವತ್ತು ಕೊಟ್ಟರೆ ನಿನ್ನ ಅನುಮತಿ ತಡವಾಗಬಹುದು," ಎಂದೆ.

"ಆಗ್ಲಿ. ಬರಿ."

ಸಾವಿರಾರು ಜನರ ದೂರು ಬರೆದ ಕೈ. ಆರೋಪಿಯ ಹೆಸರು, ತಂದೆಯ ಹೆಸರು, ವಯಸ್ಸು, ವಾಸ. ಅಬ್ಬಾನ ಹೆಸರು ಟೈಪ್ ಮಾಡುವಾಗ ಅಕ್ಷರಗಳು ಎರಡೆರಡಾಗಿ ಕಂಡವು. ಕೀಲಿಗಳ ಮೇಲೆ ರಕ್ತ ತೊಟ್ಟಿಕ್ಕಿತ್ತು. ತಿಪ್ಪಮ್ಮ ಸೆರಗಿನಿಂದ ಅದನ್ನು ಒರೆಸಿ, "ಮುಂದಕ್ಕೆ ಹೊಡಿ," ಎಂದರು.

ನನ್ನ ಜೊತೆ ಆ ಊರಿನ ಒಂಬತ್ತು ಜನ ಸಿಕ್ಕಿಬಿದ್ದರು. ನಾನು ಹದಿನಾರು ದಿನ ಒಳಗಿದ್ದೆ. ಶಾಹೀನ್ ಒಂದೇ ಸಲ ನೋಡಲು ಬಂದಿದ್ದಳು. ಬರಾಕಾನಿಂದ ನ್ಯಾಯಾಧೀಶರ ಮುಂದೆ ಹೇಳಿಕೆ ಬರೆಸಿಕೊಂಡು ದೇಶ ಬಿಡಲು ಅನುಮತಿ ಕೊಟ್ಟರು. ವೀಸಾ ಮುಗಿಯಲು ಐದು ದಿನ ಉಳಿದಿತ್ತು. ನಾನು ಜಾಮೀನಿನ ಮೇಲೆ ಹೊರಗೆ ಬರುವಷ್ಟರಲ್ಲಿ ಅವನು ಹೋಗಿಯಾಗಿತ್ತು. ತಿಪ್ಪಮ್ಮ ಒಬ್ಬರೇ ಬೆಂಗಳೂರಿನವರೆಗೂ ಹೋಗಿ ಬಿಟ್ಟು ಬಂದರಂತೆ. ನನ್ನ ಜೊತೆ ಅವರು ಇದುವರೆಗೂ ಒಂದು ಮಾತೂ ಆಡಿಲ್ಲ. ಸಂತೆಯಲ್ಲಿ ಎದುರಾದರೆ ಆ ಕಡೆ ದಾಟುತ್ತಾರೆ.

ಆ ಆಷಾಢ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮನುಷ್ಯ ಒಮ್ಮೆ ನಾಚಿಕೊಂಡ ಮಾತ್ರಕ್ಕೆ ಬದಲಾಗುವುದಿಲ್ಲ. ಹತ್ತು ಜನಕ್ಕೂ ಒಬ್ಬರೇ ವಕೀಲರಾದರು. ಅವರು ಹುಡುಕಿ ತೆಗೆದದ್ದು ನಾನು ಬರೆದ ಮೊದಲನೆಯ ಕಾಗದವನ್ನು. 'ಇದೊಂದಿದ್ರೆ ಸಾಕು ಸಾಬರೇ, ಕೇಸು ನಿಲ್ಲಲ್ಲ, ಎಲ್ಲರೂ ಮನೆಗೆ ಹೋಗ್ತೀರಿ' ಎಂದರು. ಮಗಳ ಮುಖ ನೋಡಿ, ಶಾಹೀನಳ ಮುಖ ನೋಡದೆ, ಹೂಂ ಎಂದೆ. ಅಪರಾಧ ಒಪ್ಪುವುದಿಲ್ಲ ಎಂದು ನ್ಯಾಯಾಲಯದಲ್ಲಿ ಹೇಳಿ ಬಂದೆ.

ಎರಡು ವರ್ಷದ ಮೇಲೆ ವಿಚಾರಣೆ ಬಂತು. ಬರಾಕಾನ ಸಾಕ್ಷಿಯನ್ನು ಅವನ ದೇಶದಿಂದಲೇ ಪರದೆಯ ಮೇಲೆ ಪಡೆದರು. ಅವನು ಬಿಳಿ ಕೋಟು ಹಾಕಿಕೊಂಡು ಯಾವುದೋ ಔಷಧದ ಅಂಗಡಿಯಲ್ಲಿ ಕೂತಿದ್ದ. ಮೈ ತುಂಬಿಕೊಂಡಿದ್ದ. ಎಡಗಣ್ಣಿನ ಕೆಳಗೆ ಮೂಳೆ ತಗ್ಗಾಗಿತ್ತು. ಹಾಗಾಗಿ ಆ ಕಡೆಯ ಮುಖ ಸ್ವಲ್ಪ ಇಳಿಬಿದ್ದ ಹಾಗೆ ಕಾಣುತ್ತಿತ್ತು. ದುಭಾಷಿಯನ್ನು ಬೇಡ ಎಂದ. ಕನ್ನಡದಲ್ಲೇ ಹೇಳುತ್ತೇನೆ ಎಂದ.

ನಮ್ಮ ವಕೀಲರು ಮೊದಲ ಕಾಗದವನ್ನು ಎತ್ತಿ ತೋರಿಸಿದರು. "ಬಸ್ಸಿನಲ್ಲಿ ಕಳೆದುಹೋಗಿದೆ, ಯಾರ ಮೇಲೂ ಅನುಮಾನ ಇಲ್ಲ ಅಂತ ಇದೆ. ಈ ಸಹಿ ನಿಮ್ಮದೇ?"

"ಸಹಿ ನಂದೇ."

"ಅಂದರೆ ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಸಹಿ ನಂದು ಸರ್. ಮಾತು ನಂದಲ್ಲ."

"ನಿಮ್ಮದಲ್ಲದ ಮಾತಿಗೆ ನೀವು ಯಾಕೆ ಸಹಿ ಹಾಕಿದ್ರಿ?"

"ಬರೆದೋರ ಮೇಲೆ ನಂಬಿಕೆ ಇತ್ತು."

ವಕೀಲರು ನಕ್ಕು, ನನಗೆ ಇಷ್ಟು ಸಾಕು ಎನ್ನುವ ಹಾಗೆ ಕಾಗದ ಮಡಚಿದರು. ಕೆಂಪು ಟವೆಲಿನವನು ನನ್ನ ಪಕ್ಕದಲ್ಲೇ ಇದ್ದ. ನೆಮ್ಮದಿಯಿಂದ ಉಸಿರು ಬಿಟ್ಟ. ಬರಾಕಾ ಎಲ್ಲಿ ನೋಡುತ್ತಿದ್ದ ಎಂದು ಪರದೆಯಲ್ಲಿ ಗೊತ್ತಾಗುತ್ತಿರಲಿಲ್ಲ. ನನ್ನನ್ನು ಅವನು ಕಂಡಿದ್ದನೋ ಇಲ್ಲವೋ.

ನಾನು ಎದ್ದು ನಿಂತೆ. ಯಾರೋ ಹಿಂದಿನಿಂದ ಅಂಗಿ ಜಗ್ಗಿದರು.

"ಸ್ವಾಮಿ, ಆ ಮಾತು ನಂದು," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ಅವನು ಹೇಳಿದ್ದಲ್ಲ. ನಾನು ಬರೆದು ಸಹಿ ಹಾಕಿಸಿದ್ದು. ಯಾವುದೂ ಕಳೆದಿರಲಿಲ್ಲ. ಸುಟ್ಟಿದ್ದರು. ಸುಡುವಾಗ ನಾನು ಅಲ್ಲಿದ್ದೆ. ಅದಕ್ಕೆ ಮುಂಚೆ ಅವನ ಮುಖಕ್ಕೆ ಹೊಡೆದಿದ್ದೆ."

ವಕೀಲರು ಆಕ್ಷೇಪ ಎಂದು ಕೂಗುತ್ತಿದ್ದರು. ನ್ಯಾಯಾಧೀಶರು ಕೈ ಎತ್ತಿ ಅವರನ್ನು ಕೂರಿಸಿ, ನನ್ನನ್ನೇ ನೋಡಿದರು. ಇದರಿಂದ ನಿಮಗೆ ಏನಾಗಬಹುದು ಗೊತ್ತಿದೆಯಾ ಎಂದು ಕೇಳಿದರು. ಗೊತ್ತಿದೆ ಎಂದೆ. ಬರೆದುಕೊಳ್ಳಿ ಎಂದು ಪಕ್ಕಕ್ಕೆ ಹೇಳಿದರು.

ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು ತಲೆ ಎತ್ತಿ, "ನಿಧಾನಕ್ಕೆ ಹೇಳ್ರಿ," ಎಂದಳು.

ಮೊದಲಿನಿಂದ ನಿಧಾನಕ್ಕೆ ಹೇಳಿದೆ.